1921ರ ಬೇಸಿಗೆಯ ಎರಡು ಗೆರೆಗಳು

ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ನಮ್ಮ ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವಲ್ಲ, ಅಲ್ಲಿ 'ಲೇ ಲೈನ್' ಎಂಬ ನೇರ ಗೆರೆಗಳ ಬಗ್ಗೆ ನಾನು ಆಡಿದ ಮಾತುಗಳನ್ನು ಬರೆದು ಹಾಕುತ್ತಿದ್ದೇನೆ. ಅಂದು ಬರಲಾಗದವರು ಕೇಳಿದ್ದರು. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಉಳಿದದ್ದು ಅಲ್ಲಿ ಹೇಳಿದ ಹಾಗೆಯೇ ಇದೆ.

ಎಲ್ಲರಿಗೂ ನಮಸ್ಕಾರ. ದೊಡ್ಡವರು ಟೀ ಮುಗಿಸಿ ಬನ್ನಿ, ಅಷ್ಟರಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಈ ಮೇಜಿನ ಮೇಲೆ ಕಪ್ಪು ಚಾರ್ಟ್ ಶೀಟ್ ಹಾಸಿದ್ದೇನೆ. ಬಟ್ಟಲಿನಲ್ಲಿ ಎಣಿಸಿ ಇಟ್ಟ ನೂರು ತೊಗರಿಬೇಳೆ ಇವೆ. ಕಣ್ಣು ಮುಚ್ಚಿಕೊಂಡು ಚೆಲ್ಲಿ. ಆಮೇಲೆ ಈ ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ಒಂದೇ ನೇರಕ್ಕೆ ಎಷ್ಟು ಬೇಳೆ ಸಿಗುತ್ತವೆ ನೋಡಿ.

(ಮೂರು ಸಿಕ್ಕಿದ್ದು ಕೂಡಲೇ. ನಾಲ್ಕು ಸಿಗಲು ಒಂದು ನಿಮಿಷ ಹಿಡಿಯಿತು. ಟೀ ಮುಗಿಯುವಷ್ಟರಲ್ಲಿ ಒಬ್ಬ ಹುಡುಗ "ಆಂಟಿ, ಐದು ಸಿಕ್ತು!" ಎಂದು ಕೂಗಿದ. ಆರನೆಯ ಬೇಳೆ ದಾರದಿಂದ ಸ್ವಲ್ಪ ಆಚೆ ಇತ್ತು. ಅವನ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅದನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ದಾರದ ಕೆಳಗೆ ತಂದಳು. ಹುಡುಗ ಜಗಳಕ್ಕೆ ನಿಂತ. ಅವಳು ಮಾಡಿದ್ದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ.)

ನೀವು ಯೂಟ್ಯೂಬಿನಲ್ಲಿ 'ಲೇ ಲೈನ್' ಎಂಬ ಮಾತು ಕೇಳಿರುತ್ತೀರಿ. ಸ್ಟೋನ್‌ಹೆಂಜ್, ಏವ್‌ಬರಿಯ ಹಳೆಯ ಕಲ್ಲುವೃತ್ತಗಳು, ಗ್ಲಾಸ್ಟನ್‌ಬರಿ ಗುಡ್ಡ, ಹಳೆಯ ಚರ್ಚುಗಳು, ಗೋರಿದಿಬ್ಬಗಳು ಎಲ್ಲವೂ ನೇರ ಗೆರೆಗಳ ಮೇಲಿವೆ, ಆ ಗೆರೆಗಳಲ್ಲಿ ಭೂಮಿಯ ಶಕ್ತಿ ಹರಿಯುತ್ತದೆ, ಹಿಂದಿನವರಿಗೆ ಅದು ಗೊತ್ತಿತ್ತು ಅಂತ. ಇದು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ನಾನು ಆರು ವರ್ಷದಿಂದ ಈ ಜಾಗಗಳನ್ನು ಸುತ್ತುತ್ತಿದ್ದೇನೆ. ನನ್ನ ನೌಕರಿಯೂ ಮ್ಯಾಪಿನದ್ದೇ. ನೆಲದ ಕೆಳಗೆ ನೀರಿನ ಪೈಪು, ಚರಂಡಿ ಎಲ್ಲಿ ಹಾದು ಹೋಗುತ್ತವೆ ಎಂದು ಕಂಪ್ಯೂಟರಿನಲ್ಲಿ ಗುರುತು ಮಾಡುವುದು. ಹಾಗಾಗಿ ಗೆರೆ ಎಂದರೆ ನನಗೆ ಸುಮ್ನೆ ಗೆರೆಯಲ್ಲ. ಅಗೆದಾಗ ಅಲ್ಲಿ ಏನಾದರೂ ಸಿಗಬೇಕು.

ಹೆರೆಫರ್ಡ್ ಎಂಬ ಊರಿದೆ. ವೇಲ್ಸ್ ಗಡಿಗೆ ಹತ್ತಿರ, ಸೇಬಿನ ತೋಟಗಳ ಸೀಮೆ. ಅಲ್ಲಿ 1855ರಲ್ಲಿ ಆಲ್ಫ್ರೆಡ್ ವಾಟ್ಕಿನ್ಸ್ ಹುಟ್ಟಿದರು. ಮನೆತನದ್ದು ಬಿಯರ್ ತಯಾರಿಕೆ, ಹಿಟ್ಟಿನ ಗಿರಣಿ. ಆ ವ್ಯಾಪಾರಕ್ಕೆಂದು ಹುಡುಗನಾಗಿದ್ದಾಗಿನಿಂದ ಸುತ್ತಲಿನ ಹಳ್ಳಿಹಳ್ಳಿ ತಿರುಗಿದವರು. ಫೋಟೋಗ್ರಫಿಯಲ್ಲಿ ಅವರದು ದೊಡ್ಡ ಹೆಸರು. ಬೆಳಕು ಅಳೆಯುವ ಒಂದು ಪುಟ್ಟ ಮೀಟರ್ ಕಂಡುಹಿಡಿದು ಮಾರಿದರು. ಕ್ಯಾಪ್ಟನ್ ಸ್ಕಾಟ್ ದಕ್ಷಿಣ ಧ್ರುವದ ಕಡೆ ಹೊರಟಾಗ ಜೊತೆಗಿದ್ದ ಫೋಟೋಗ್ರಾಫರ್ ಹರ್ಬರ್ಟ್ ಪಾಂಟಿಂಗ್ ಬಳಸಿದ್ದು ಆ ಮೀಟರನ್ನೇ. ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ವಾಟ್ಕಿನ್ಸ್ ಗಾಳಿಯಲ್ಲಿ ಗೋಪುರ ಕಟ್ಟುವವರಾಗಿರಲಿಲ್ಲ. ಕೈಯಲ್ಲಿ ಕಸುಬಿದ್ದವರು, ಆ ನೆಲವನ್ನು ಅಂಗೈಯಂತೆ ಬಲ್ಲವರು.

1921ರ ಜೂನ್ 30. ಅವರಿಗೆ ಆಗ 66 ವರ್ಷ. ಬ್ಲ್ಯಾಕ್‌ವರ್ಡೀನ್ ಎಂಬ ಹಳ್ಳಿಗೆ ಹೋಗಿದ್ದಾಗ ಮ್ಯಾಪು ಬಿಡಿಸಿ ನೋಡುತ್ತಾರೆ. ಒಂದು ಬೆಟ್ಟದ ಮೇಲಿನ ಹಳೇ ಕೋಟೆ, ತಾವು ನಿಂತ ಹಳ್ಳಿ, ಅದರಾಚೆ ಇನ್ನೊಂದು ಕೋಟೆ, ಅದರಾಚೆ ಒಂದು ದಿಣ್ಣೆ, ಎಲ್ಲ ಒಂದೇ ನೇರಕ್ಕೆ! ಮನೆಗೆ ಬಂದು ಸ್ಕೇಲು ಇಟ್ಟು ನೋಡಿದರೆ ಇಂಥ ಗೆರೆಗಳು ಒಂದರ ಮೇಲೊಂದು ಸಿಗತೊಡಗಿದವು. ಮೂರೇ ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಊರಿನ ವೂಲ್‌ಹೋಪ್ ನ್ಯಾಚುರಲಿಸ್ಟ್ಸ್ ಫೀಲ್ಡ್ ಕ್ಲಬ್ಬಿನಲ್ಲಿ ಈ ಬಗ್ಗೆ ಮಾತಾಡಿದರು. 1922ರಲ್ಲಿ ಒಂದು ಚಿಕ್ಕ ಪುಸ್ತಕ, 1925ರಲ್ಲಿ 'ದಿ ಓಲ್ಡ್ ಸ್ಟ್ರೇಟ್ ಟ್ರ್ಯಾಕ್' ಎಂಬ ದೊಡ್ಡ ಪುಸ್ತಕ ತಂದರು.

ಅವರು ಹೇಳಿದ್ದು ಶಕ್ತಿಯ ಮಾತಲ್ಲ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಅವರ ಪ್ರಕಾರ ಇವು ದಾರಿಗಳು. ಉಪ್ಪು, ಚಕಮಕಿ ಕಲ್ಲು ಹೊತ್ತು ಮಾರುವವರು ದಾರಿ ತಪ್ಪಬಾರದೆಂದು ಬೆಟ್ಟದಿಂದ ಬೆಟ್ಟಕ್ಕೆ ಕಣ್ಣಳತೆ ಹಿಡಿದು, ನಡುವೆ ದಿಬ್ಬ, ಕಲ್ಲು, ಕೆರೆ ಗುರುತು ಮಾಡಿಕೊಂಡ ದಾರಿಗಳು. ಆ ಗುರುತುಗಳಿದ್ದ ಜಾಗದಲ್ಲೇ ಮುಂದೆ ಚರ್ಚುಗಳು ಎದ್ದವು ಅಂತ. ಈ ಗೆರೆಗಳಿಗೆ 'ಲೇ' ಎಂದು ಹೆಸರಿಟ್ಟವರೂ ಅವರೇ. 'ಲೇ' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕಾಡು ಕಡಿದು ಮಾಡಿದ ಬಯಲು. ವೆಂಬ್ಲಿ, ಹೆನ್ಲಿ ಎಂಬ ಊರ ಹೆಸರುಗಳ ಬಾಲದಲ್ಲಿ ಇರುವುದು ಅದೇ. ದಾರಿ ಅಳೆಯುವವನು ಎರಡು ಕೋಲು ಹಿಡಿದು ನಿಲ್ಲುತ್ತಿದ್ದ ಎಂದು ಅವರು ನಂಬಿದ್ದರು. ಸಸೆಕ್ಸಿನ ವಿಲ್ಮಿಂಗ್ಟನ್ ಗುಡ್ಡದ ಮೇಲೆ ಎರಡು ಕೈಯಲ್ಲಿ ಎರಡು ಕೋಲು ಹಿಡಿದ ಒಬ್ಬ ಉದ್ದನೆಯ ಮನುಷ್ಯನ ಗೆರೆಚಿತ್ರವಿದೆ, ಸುಮಾರು 70 ಮೀಟರ್ ಎತ್ತರದ್ದು. ಇಗೋ ಇವನೇ ಅವನು ಎಂದರು. 2003ರಲ್ಲಿ ಅಲ್ಲಿ ಅಗೆದು ನೋಡಿದಾಗ ಆ ಚಿತ್ರ 16 ಅಥವಾ 17ನೇ ಶತಮಾನದ್ದಿರಬೇಕು ಎಂದು ತಿಳಿಯಿತು. ಆದರೂ ಆ ಊಹೆಯ ಅಂದಕ್ಕೆ ನಾನು ಮಾರುಹೋಗಿದ್ದೇನೆ.

ಈಗ ಇನ್ನೊಬ್ಬರು ಬರುತ್ತಾರೆ. ಓ. ಜಿ. ಎಸ್. ಕ್ರಾಫರ್ಡ್. ಮೊದಲ ಮಹಾಯುದ್ಧದಲ್ಲಿ ವಿಮಾನದಲ್ಲಿ ಕೂತು ಕೆಳಗಿನ ನೆಲ ನೋಡಿ ಗುರುತು ಹಾಕುವ ಕೆಲಸ ಮಾಡಿದವರು. 1920ರಲ್ಲಿ ಸರ್ಕಾರಿ ಮ್ಯಾಪ್ ಇಲಾಖೆಯಾದ ಆರ್ಡ್ನೆನ್ಸ್ ಸರ್ವೆಗೆ ಮೊದಲ ಪುರಾತತ್ವ ಅಧಿಕಾರಿಯಾದರು. 1927ರಲ್ಲಿ 'ಆಂಟಿಕ್ವಿಟಿ' ಎಂಬ ಪುರಾತತ್ವದ ಪತ್ರಿಕೆ ಶುರು ಮಾಡಿದರು. ವಾಟ್ಕಿನ್ಸ್ ಪುಸ್ತಕದ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ಆ ಪತ್ರಿಕೆಯಲ್ಲಿ ಹಾಕಲು ಅವರು ಒಪ್ಪಲಿಲ್ಲ. ಲೇ ಲೈನ್ ನಂಬುವವರು ಇಂದಿಗೂ ಆ ಸಿಟ್ಟು ಬಿಟ್ಟಿಲ್ಲ.

ಆದರೆ ಕ್ರಾಫರ್ಡ್ ಕೂಡ ಒಂದು ಗೆರೆ ಕಂಡುಹಿಡಿದವರೇ. ಅದೂ ಅದೇ 1921ರ ಬೇಸಿಗೆಯ ಗೆರೆ.

ಆ ವರ್ಷ ಇಂಗ್ಲೆಂಡಿನಲ್ಲಿ ಮಳೆ ಕೈಕೊಟ್ಟಿತ್ತು, ಭಾರೀ ಬರ. ಆಗ ವಾಯುಪಡೆಯವರು ಸ್ಟೋನ್‌ಹೆಂಜ್ ಸುತ್ತಮುತ್ತ ವಿಮಾನದಿಂದ ಫೋಟೋ ತೆಗೆದಿದ್ದರು. ಎರಡು ವರ್ಷದ ಮೇಲೆ, 1923ರಲ್ಲಿ, ಕ್ರಾಫರ್ಡ್ ಆ ಫೋಟೋ ನೋಡುತ್ತಿದ್ದಾಗ ಹೊಲಗಳ ನಡುವೆ ಎರಡು ತೆಳುವಾದ ಗೆರೆ ಜೋಡಿಯಾಗಿ ಹೋಗುವುದು ಕಂಡಿತು. ಸ್ಟೋನ್‌ಹೆಂಜಿನಿಂದ ಹೊರಡುವ 'ಅವೆನ್ಯೂ' ಎಂಬ ಹಳೆಯ ದಾರಿ ಅದು. ಅದರ ಮೊದಲ ಭಾಗವನ್ನು 1720ರ ದಶಕದಲ್ಲಿ ವಿಲಿಯಂ ಸ್ಟೂಕ್ಲಿ ಎಂಬ ವಿದ್ವಾಂಸರು ಗುರುತಿಸಿದ್ದರು. ಉಳಿದದ್ದು ನೇಗಿಲಿಗೆ ಸಿಕ್ಕಿ ಮಾಯವಾಗಿತ್ತು. ಅದು ಪೂರ್ವಕ್ಕೆ ಬಾಗಿ ಏವನ್ ನದಿಯ ದಡಕ್ಕೆ ಹೋಗುತ್ತದೆ ಎಂದು ಗೊತ್ತಾಗಿದ್ದು ಆ ಫೋಟೋದಿಂದ.

ಅಳಿಸಿಹೋದ ದಾರಿ ಬರಗಾಲದಲ್ಲಿ ಕಾಣುವುದು ಹೇಗೆ? ರೈತರ ಮನೆಯವರಿಗೆ ಹೇಳಬೇಕಿಲ್ಲ. ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ತೋಡಿದ ಕಾಲುವೆ ಮುಚ್ಚಿಹೋದರೂ ಅಲ್ಲಿನ ಮಣ್ಣು ಆಳವಾಗಿರುತ್ತದೆ, ಮೆತ್ತಗಿರುತ್ತದೆ, ಪಸೆ ಹಿಡಿದಿಡುತ್ತದೆ. ಅಕ್ಕಪಕ್ಕದ ಪೈರು ಒಣಗಿ ಹಳದಿಯಾದಾಗ ಆ ಸಾಲಿನಲ್ಲಿ ಮಾತ್ರ ಹಸಿರು ಉಳಿಯುತ್ತದೆ. ನೆಲಮಟ್ಟದಲ್ಲಿ ನಿಂತರೆ ಗೊತ್ತೇ ಆಗುವುದಿಲ್ಲ. ಮೇಲಿನಿಂದ ನೋಡಿದರೆ ಕಾಡಿಗೆ ಎಳೆದ ಹಾಗೆ ಕಾಣುತ್ತದೆ. ಕ್ರಾಫರ್ಡ್ ಅಷ್ಟಕ್ಕೇ ಬಿಡಲಿಲ್ಲ. ಅದೇ 1923ರಲ್ಲಿ ಹೋಗಿ ಅಗೆಸಿದರು. ಕಾಲುವೆ ಅಲ್ಲೇ ಇತ್ತು.

ಒಂದೇ ಬೇಸಿಗೆ, ಎರಡು ಗೆರೆ. ಒಂದು ಮ್ಯಾಪಿನ ಮೇಲೆ ಸ್ಕೇಲಿನಿಂದ ಬಂತು, ಒಂದು ಒಣಗಿದ ಹೊಲದಲ್ಲಿ ತಾನಾಗಿ ಎದ್ದಿತು. ನಾನು ಹೇಳಬೇಕೆಂದಿರುವುದು ಈ ಎರಡರ ನಡುವೆ ಇರುವ ವ್ಯತ್ಯಾಸವನ್ನೇ.

ಬೇಳೆಯ ಲೆಕ್ಕಕ್ಕೆ ಬನ್ನಿ. ಯಾವುದೇ ಎರಡು ಬೇಳೆ ತಗೊಂಡರೂ ಒಂದು ಗೆರೆ ಆಗುತ್ತದೆ. ನೂರು ಬೇಳೆಯಿಂದ 4,950 ಗೆರೆ. ಪ್ರತಿ ಗೆರೆಗೂ ಉಳಿದ 98 ಬೇಳೆಯಲ್ಲಿ ಒಂದಾದರೂ ತಾಗುವ ಅವಕಾಶ ಇದೆ. ಹಾಗಾಗಿ ಐದು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ, ಸಿಗದಿದ್ದರೆ ಆಶ್ಚರ್ಯ ಪಡಬೇಕಿತ್ತು. ಕಾರ್ನ್‌ವಾಲಿನ ತುದಿ, ಲ್ಯಾಂಡ್ಸ್ ಎಂಡ್ ಹತ್ತಿರದ 52 ಹಳೆಯ ಕಲ್ಲುಗಳ ಮೇಲೆ ಸಂಖ್ಯಾಶಾಸ್ತ್ರದವರು ನಿಜವಾಗಿಯೂ ಈ ಕೆಲಸ ಮಾಡಿದ್ದಾರೆ. 52 ಕಲ್ಲುಗಳಿಂದ ಮೂರುಮೂರರ ಗುಂಪು ಮಾಡಿದರೆ 22,100 ಗುಂಪು ಬರುತ್ತವೆ. 1980ರಲ್ಲಿ ಸೈಮನ್ ಬ್ರಾಡ್‌ಬೆಂಟ್, ಆಮೇಲೆ ಡೇವಿಡ್ ಕೆಂಡಲ್ ಇವನ್ನು ಲೆಕ್ಕ ಹಾಕಿದರು. ಸುಮ್ನೆ ಚೆಲ್ಲಿದರೆ ಬೀಳಬಹುದಾದಷ್ಟಕ್ಕಿಂತ ಹೆಚ್ಚು ಗೆರೆಗಳಿವೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. 2010ರಲ್ಲಿ ಮ್ಯಾಟ್ ಪಾರ್ಕರ್ ಎಂಬ ಗಣಿತದವರು ಮುಚ್ಚಿಹೋದ 800 ವೂಲ್‌ವರ್ತ್ಸ್ ಅಂಗಡಿಗಳನ್ನು ಮ್ಯಾಪಿನ ಮೇಲೆ ಇಟ್ಟು, ಅವುಗಳಲ್ಲೂ ಅಚ್ಚುಕಟ್ಟಾದ ತ್ರಿಕೋನಗಳು, ಉದ್ದುದ್ದ ನೇರಗಳು ಇವೆ ಎಂದು ತೋರಿಸಿದರು.

ನನ್ನ ಕಸುಬಿನ ಕಡೆಯಿಂದ ಇನ್ನೊಂದು ಮಾತು. ವಾಟ್ಕಿನ್ಸ್ ಬಳಸಿದ್ದು ಒಂದು ಇಂಚಿಗೆ ಒಂದು ಮೈಲಿ ಅಳತೆಯ ಮ್ಯಾಪು. ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ಎಳೆದರೆ ನೆಲದ ಮೇಲೆ ಅದು 30 ಮೀಟರಿಗೂ ಅಗಲ. ಒಂದು ಚರ್ಚು ಪೂರ್ತಿ ಅದರೊಳಗೆ ಕೂತುಬಿಡುತ್ತದೆ. ಇಡೀ ಇಂಗ್ಲೆಂಡಿನ ಮ್ಯಾಪಿನಲ್ಲಿ ಎಳೆದರಂತೂ ಗೆರೆಯ ದಪ್ಪವೇ ಅರ್ಧ ಕಿಲೋಮೀಟರ್, ಒಂದು ಕಿಲೋಮೀಟರ್ ಆಗುತ್ತದೆ. ಇದರ ಮೇಲೆ ಕಾಲದ ತೊಡಕು. ಒಂದೇ ಗೆರೆಯಲ್ಲಿ ಐದು ಸಾವಿರ ವರ್ಷ ಹಳೆಯ ಗೋರಿ, ಎರಡು ಸಾವಿರದ ಚಿಲ್ಲರೆ ವರ್ಷದ ಕೋಟೆ, ಎಂಟುನೂರು ವರ್ಷದ ಚರ್ಚು. ಇವನ್ನೆಲ್ಲ ಒಬ್ಬರು ಯೋಚಿಸಿ ಇಟ್ಟರು ಎನ್ನಲು ಸಾಧ್ಯವಿಲ್ಲ.

ಹಾಗಂತ ವಾಟ್ಕಿನ್ಸ್ ಊಹೆ ಪೂರ್ತಿ ಪೊಳ್ಳಲ್ಲ. ಹಳೆಯ ಪವಿತ್ರ ಜಾಗದಲ್ಲೇ ಚರ್ಚು ಎದ್ದದ್ದಕ್ಕೆ ಉದಾಹರಣೆಗಳಿವೆ. ಡಾರ್ಸೆಟ್ಟಿನ ನೋಲ್ಟನ್ನಿನಲ್ಲಿ ಪಾಳುಬಿದ್ದ ಚರ್ಚು ನಿಂತಿರುವುದೇ ಶಿಲಾಯುಗದ ದುಂಡು ಕಂದಕದ ನಟ್ಟನಡುವೆ. ಯಾರ್ಕ್‌ಷೈರಿನ ರಡ್‌ಸ್ಟನ್ನಿನಲ್ಲಿ ಚರ್ಚಿನ ಅಂಗಳದಲ್ಲೇ ಏಳೂವರೆ ಮೀಟರ್ ಎತ್ತರದ ಕಲ್ಲು ನಿಂತಿದೆ, ಈ ದೇಶದಲ್ಲಿ ನಿಂತಿರುವ ಹಳೆಯ ಕಲ್ಲುಗಳಲ್ಲೇ ಅತಿ ಎತ್ತರದ್ದು.

ಶಕ್ತಿಯ ಮಾತು ಸೇರಿದ್ದು 1960ರ ದಶಕದಲ್ಲಿ. ವಾಟ್ಕಿನ್ಸ್ 1935ರಲ್ಲೇ ತೀರಿಕೊಂಡಿದ್ದರು. 1961ರಲ್ಲಿ ಟೋನಿ ವೆಡ್ ಎಂಬುವರು ಈ ಗೆರೆಗಳು ಹಾರುವ ತಟ್ಟೆಗಳಿಗೆ ದಾರಿಗುರುತು ಎಂದರು. 1969ರಲ್ಲಿ ಜಾನ್ ಮಿಚೆಲ್ ಎಂಬ ಲೇಖಕರು ಚೀನೀಯರ ಫೆಂಗ್ ಶುಯಿ, ಡ್ರ್ಯಾಗನ್ ಗೆರೆಗಳ ಕಲ್ಪನೆಯನ್ನು ತಂದು ಇದಕ್ಕೆ ಜೋಡಿಸಿದರು. ಈಗ ಬಹಳ ಹೆಸರಾಗಿರುವ ಸೇಂಟ್ ಮೈಕೇಲ್ ಲೈನ್ ಅವರದೇ: ಕಾರ್ನ್‌ವಾಲಿನ ಸೇಂಟ್ ಮೈಕೇಲ್ಸ್ ಮೌಂಟಿನ ಕಡೆಯಿಂದ ಹೊರಟು, ಬರೋ ಮಂಪ್ ಗುಡ್ಡ, ಗ್ಲಾಸ್ಟನ್‌ಬರಿಯ ಟಾರ್ ಎಂಬ ಗುಡ್ಡ, ಏವ್‌ಬರಿ ದಾಟಿ ಪೂರ್ವ ಕರಾವಳಿಯವರೆಗೆ. ದಾರಿಯಲ್ಲಿ ಸಿಗುವ ಎಷ್ಟೋ ಗುಡಿಗಳು ಸೇಂಟ್ ಮೈಕೇಲನವು. ಆದರೆ ಮೈಕೇಲನ ಚರ್ಚುಗಳನ್ನು ಕಟ್ಟುತ್ತಿದ್ದದ್ದೇ ಗುಡ್ಡದ ನೆತ್ತಿಯಲ್ಲಿ, ಮತ್ತು ಅಂಥವು ಈ ದೇಶದಲ್ಲಿ ಬೇಕಾದಷ್ಟಿವೆ. ಬರೋ ಮಂಪ್ ಮೇಲೆ ಮುರಿದ ಚರ್ಚಿನ ಗೋಡೆಗೆ ಒರಗಿ, ಕೆಳಗೆ ಚಪ್ಪಟೆ ಬಯಲು ಪೂರ್ತಿ ಮಳೆನೀರು ನಿಂತಿರುವಾಗ, ದೂರದಲ್ಲಿ ಗ್ಲಾಸ್ಟನ್‌ಬರಿಯ ಒಂಟಿ ಗೋಪುರ ಕಂಡರೆ, ಮಿಚೆಲ್ಲರಿಗೆ ಯಾಕೆ ಹಾಗನ್ನಿಸಿತು ಎಂದು ನಿಮಗೂ ಅರ್ಥವಾಗುತ್ತದೆ. ನನಗೆ ಆಯಿತು.

ಕಡ್ಡಿ ಹಿಡಿದು ಶಕ್ತಿ ನೋಡುವವರೂ ಇದ್ದಾರೆ. ನಮ್ಮ ಕಡೆ ಬೋರ್‌ವೆಲ್ ಪಾಯಿಂಟ್ ನೋಡಲು ತೆಂಗಿನಕಾಯಿ, ಬೇವಿನ ಕವೆಗೋಲು ಹಿಡಿದು ಬರುವವರಂತೆ. ಇಲ್ಲಿನ ನೀರಿನ ಕಂಪನಿಗಳಲ್ಲೂ ಇದು ಪೂರ್ತಿ ಹೋಗಿಲ್ಲ. ಬಹುಪಾಲು ಕಂಪನಿಗಳಲ್ಲಿ ಕೆಲವು ಕೆಲಸಗಾರರು ಇನ್ನೂ ಕಡ್ಡಿ ಬಳಸುತ್ತಾರೆಂದು 2017ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಏವ್‌ಬರಿಯಲ್ಲಿ ಒಬ್ಬ ಹಿರಿಯರು ನನ್ನ ಕೈಗೆ ಎರಡು ತಾಮ್ರದ ಕಡ್ಡಿ ಕೊಟ್ಟು ನಡೆಯಲು ಹೇಳಿದರು. ದೊಡ್ಡ ಕಲ್ಲಿನ ಹತ್ತಿರ ಬರುತ್ತಿದ್ದಂತೆ ಕಡ್ಡಿಗಳು ನಿಧಾನಕ್ಕೆ ತಿರುಗಿ ಒಂದರ ಮೇಲೊಂದು ಬಂದವು. ಮೈ ಜುಂ ಎಂದಿತು. ಆಮೇಲೆ ಕಣ್ಣು ಮುಚ್ಚಿ, ಅವರ ಮೊಮ್ಮಗ ನಡೆಸಿದಂತೆ ಅದೇ ಜಾಗದಲ್ಲಿ ನಾಲ್ಕು ಸಲ ನಡೆದೆ. ನಾಲ್ಕು ಸಲವೂ ಬೇರೆಬೇರೆ ಕಡೆ ತಿರುಗಿದವು. ಕಲ್ಲು ಹತ್ತಿರ ಬಂತೆಂದು ಮನಸ್ಸಿಗೆ ಗೊತ್ತಾದರೆ ಮಣಿಕಟ್ಟು ತನಗೇ ತಿಳಿಯದಷ್ಟು ಸಣ್ಣಗೆ ವಾಲುತ್ತದೆ, ಅಷ್ಟು ಸಾಕು ಕಡ್ಡಿಗೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು.

ಈ ಪ್ರಶ್ನೆಯನ್ನು ಮನಸ್ಸಿಟ್ಟು ಪರೀಕ್ಷೆ ಮಾಡಿದವರು ಲೇ ಲೈನ್ ಕಡೆಯವರಲ್ಲೇ ಇದ್ದರು, ಅವರ ಮೇಲೆ ನನಗೆ ತುಂಬ ಗೌರವ. ಪಾಲ್ ಡೆವೆರೂ 1976ರಿಂದ ಇಪ್ಪತ್ತು ವರ್ಷ 'ದಿ ಲೇ ಹಂಟರ್' ಪತ್ರಿಕೆ ನಡೆಸಿದವರು. 1977ರಲ್ಲಿ ಡ್ರ್ಯಾಗನ್ ಪ್ರಾಜೆಕ್ಟ್ ಎಂದು ಶುರು ಮಾಡಿ, ಆಕ್ಸ್‌ಫರ್ಡ್‌ಷೈರಿನ ರೋಲ್‌ರೈಟ್ ಕಲ್ಲುಗಳ ನಡುವೆ ಯಂತ್ರಗಳನ್ನಿಟ್ಟು ರಾತ್ರಿಯೆಲ್ಲ ಕಾದು ಕೂತರು. ಕಿವಿಗೆ ಕೇಳದ ಶಬ್ದ, ವಿಕಿರಣ, ಕಾಂತಶಕ್ತಿ ಎಲ್ಲ ಅಳೆದರು. ಮತ್ತೆಮತ್ತೆ ಒಂದೇ ರೀತಿ ಬರುವ ಫಲಿತಾಂಶ ಸಿಗಲಿಲ್ಲ. ಡೆವೆರೂ ಅದನ್ನು ಮುಚ್ಚಿಡಲಿಲ್ಲ. ಶಕ್ತಿಯ ಗೆರೆ ಬಿಟ್ಟು, ಹೆಣ ಹೊತ್ತು ಸಾಗಿಸುತ್ತಿದ್ದ ಹಳೆಯ ದಾರಿಗಳ ಕಡೆ ತಿರುಗಿದರು. ಅಂಥ ಒಂದು ದಾರಿ ಡಾರ್ಟ್‌ಮೂರಿನಲ್ಲಿದೆ, ಲಿಚ್ ವೇ. ಬೆಟ್ಟಗುಡ್ಡದ ಮಧ್ಯದ ಒಂಟಿಮನೆಯವರು ಸತ್ತವರನ್ನು ಹೊತ್ತು ಲಿಡ್‌ಫರ್ಡ್ ಚರ್ಚಿನವರೆಗೆ ನಡೆಯಬೇಕಿತ್ತು, ಹತ್ತು ಹನ್ನೆರಡು ಮೈಲಿ, ಮಳೆಯಿರಲಿ ಹಿಮವಿರಲಿ. 1260ರಲ್ಲಿ ಬಿಷಪ್ ಒಬ್ಬರು ಇದನ್ನು ನೋಡಲಾರದೆ, ಹತ್ತಿರದ ವಿಡಿಕೂಂಬ್ ಚರ್ಚಿಗೆ ಹೋಗಬಹುದೆಂದು ಅನುಮತಿ ಕೊಟ್ಟರು. ಆ ದಾರಿಯಲ್ಲಿ ಅರ್ಧ ದಿನ ನಡೆದಿದ್ದೇನೆ. ನೇರವಾಗಿಲ್ಲ, ಹೊಳೆ ಬಂದಲ್ಲಿ ಸುತ್ತಿ ಹೋಗುತ್ತದೆ.

ನಿಜವಾದ ಹಳೆಯ ದಾರಿ ನೋಡಬೇಕೆಂದರೆ ಗ್ಲಾಸ್ಟನ್‌ಬರಿಯ ಪಕ್ಕದಲ್ಲೇ ಇದೆ. ವಾಟ್ಕಿನ್ಸ್ ಬದುಕಿದ್ದಾಗ ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಎಷ್ಟು ಖುಷಿಪಡುತ್ತಿದ್ದರೋ. 1970ರಲ್ಲಿ ರೇ ಸ್ವೀಟ್ ಎಂಬ ಕೆಲಸಗಾರ ಜವುಗು ನೆಲದಲ್ಲಿ ಪೀಟ್ ಎಂಬ, ಗಿಡ ಕೊಳೆತು ಆದ ಮಣ್ಣು ಅಗೆಯುವಾಗ ಒಂದು ಹಲಗೆ ಸಿಕ್ಕಿತು. ಅದನ್ನು ಹಿಡಿದು ಹೋದರೆ ಸುಮಾರು 1,800 ಮೀಟರ್ ಉದ್ದದ ಮರದ ಕಾಲುದಾರಿ. ಜವುಗಿನಲ್ಲಿ ಕೋಲುಗಳನ್ನು ಕತ್ತರಿ ಆಕಾರದಲ್ಲಿ ನೆಟ್ಟು, ಮೇಲೆ ಓಕ್ ಮರದ ಹಲಗೆ ಕೂರಿಸಿದ್ದರು. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಮರದೊಳಗಿನ ವರ್ಷದ ಉಂಗುರಗಳನ್ನು ಎಣಿಸಿ ಅದರ ವಯಸ್ಸು ಹೇಳಿದ್ದಾರೆ: ಆ ಮರಗಳನ್ನು ಕಡಿದದ್ದು ಕ್ರಿ.ಪೂ. 3807ರ ಚಳಿಗಾಲ, ಇಲ್ಲವೇ 3806ರ ವಸಂತ. ಸ್ಟೋನ್‌ಹೆಂಜಿಗಿಂತ ಎಷ್ಟೋ ಹಳೆಯದು. ದಾರಿಯ ಪಕ್ಕದಲ್ಲಿ ನುಣುಪಾದ ಹಸಿರು ಕಲ್ಲಿನ ಕೊಡಲಿಯೊಂದು ಸಿಕ್ಕಿತು. ಆ ಕಲ್ಲು ಬಂದದ್ದು ಆಲ್ಪ್ಸ್ ಪರ್ವತದಿಂದ. ಯಾರೋ ಬೀಳಿಸಿಕೊಂಡರೋ, ಬೇಕೆಂದೇ ನೀರಿಗೆ ಅರ್ಪಿಸಿದರೋ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಗೆದವನ ಹೆಸರಿನಲ್ಲೇ ಅದನ್ನು ಸ್ವೀಟ್ ಟ್ರ್ಯಾಕ್ ಎನ್ನುತ್ತಾರೆ.

ಈಗ ಆ ಹುಡುಗಿಯ ಬೆರಳಿಗೆ ಬರೋಣ. ಕ್ರಾಫರ್ಡ್ ಹಿಂಬಾಲಿಸಿದ ಅವೆನ್ಯೂ ಸ್ಟೋನ್‌ಹೆಂಜಿನಿಂದ ಮೊದಲು ಈಶಾನ್ಯಕ್ಕೆ, ಒಂದು ಅರ್ಧ ಕಿಲೋಮೀಟರು ನೇರ ಹೋಗುತ್ತದೆ. ವರ್ಷದ ಅತಿ ಉದ್ದದ ಹಗಲಿನ ದಿನ ಸೂರ್ಯ ಹುಟ್ಟುವ ದಿಕ್ಕು ಅದು. ತಿರುಗಿ ನಿಂತರೆ ಅತಿ ಗಿಡ್ಡ ಹಗಲಿನ ದಿನ ಸೂರ್ಯ ಮುಳುಗುವ ದಿಕ್ಕು. 2008ರಲ್ಲಿ ಪುರಾತತ್ವದ ಮೈಕ್ ಪಾರ್ಕರ್ ಪಿಯರ್ಸನ್ ಮತ್ತು ಜೊತೆಯವರು ಆ ದಾರಿಯನ್ನು ಅಡ್ಡಕ್ಕೆ ಅಗೆದು ನೋಡಿದರು. ಕೆಳಗೆ ಸುಣ್ಣಕಲ್ಲಿನ ನೆಲದಲ್ಲಿ ಉದ್ದುದ್ದ ಸೀಳುಗಳು, ಏಣುಗಳು. ಮನುಷ್ಯರು ಮಾಡಿದ್ದಲ್ಲ. ಹಿಮಯುಗದಲ್ಲಿ ನೀರು ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ ಕರಗಿ ತಾನಾಗಿ ಆದವು. ಅವು ಹೋಗುತ್ತಿದ್ದ ದಿಕ್ಕು ಸರಿಯಾಗಿ ಸೂರ್ಯನದೇ! ಬರೀ ಆಕಸ್ಮಿಕ, ಬೇಳೆ ಬಿದ್ದ ಹಾಗೆ.

ಪಾರ್ಕರ್ ಪಿಯರ್ಸನ್ ಹೇಳುವುದು ಹೀಗೆ. ಅಲ್ಲಿ ಓಡಾಡುತ್ತಿದ್ದ ಜನರ ಕಣ್ಣಿಗೆ ಇದು ಬಿತ್ತು. ನೆಲದ ಗೆರೆಯ ತುದಿಯಲ್ಲಿ ಸೂರ್ಯ ಇಳಿಯುವುದನ್ನು ಅವರು ಕಂಡರು. ಭೂಮಿ, ಆಕಾಶ ಕೂಡುವ ಜಾಗ ಇದು ಎಂದುಕೊಂಡರು. ಸ್ಟೋನ್‌ಹೆಂಜ್ ಅಲ್ಲೇ ಯಾಕೆ ಇದೆ ಎಂಬುದಕ್ಕೆ ಇದು ಅವರ ಉತ್ತರ. ಇದನ್ನು ಒಪ್ಪದ ಪುರಾತತ್ವದವರೂ ಇದ್ದಾರೆ. ನನಗೆ ಮಾತ್ರ ಇದು ಬಹಳ ಹಿಡಿಸುತ್ತದೆ. ಯಾಕೆಂದರೆ ಹೀಗಾದರೆ, ವಾಟ್ಕಿನ್ಸ್ 1921ರಲ್ಲಿ ಮಾಡಿದ್ದನ್ನೇ ಅವರೂ ಮಾಡಿದ್ದರು, ಆಕಸ್ಮಿಕವಾಗಿ ಬಿದ್ದ ಒಂದು ನೇರವನ್ನು ಕಂಡು ಬೆರಗಾಗಿದ್ದರು. ಆದರೆ ಅವರು ಪೆನ್ಸಿಲ್ ಗೆರೆ ಎಳೆದು ಸುಮ್ಮನಾಗಲಿಲ್ಲ. ಜಿಂಕೆ ಕೊಂಬಿನಿಂದ ನೆಲ ತೋಡಿದರು. 200 ಕಿಲೋಮೀಟರಿಗೂ ಆಚೆ ಇರುವ ವೇಲ್ಸಿನ ಪ್ರೆಸೆಲಿ ಬೆಟ್ಟದಿಂದ ಕಲ್ಲು ತಂದರು. ನಡುವೆ ಮಲಗಿರುವ ಆರು ಟನ್ನಿನ ಕಲ್ಲಂತೂ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು ಎಂದು 2024ರಲ್ಲಿ ಗೊತ್ತಾಯಿತು, ಸುಮಾರು 750 ಕಿಲೋಮೀಟರ್ ದೂರ. ಚಕ್ರ ಇರಲಿಲ್ಲ, ಕಬ್ಬಿಣ ಇರಲಿಲ್ಲ. ಬೆರಳಿನಿಂದ ಬೇಳೆ ಸರಿಸಿ ಗೆರೆಗೆ ತಂದಳಲ್ಲ ನಮ್ಮ ಹುಡುಗಿ, ಅದೇ ಕೆಲಸ. ಗೆರೆಯನ್ನು ನಿಜ ಮಾಡಿದ್ದು ಆ ಕೈಗಳು.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು.

ಹಿರಿಯರೊಬ್ಬರು "ಏನಮ್ಮಾ, ನಿಮ್ಮ ಕಡೆಯೂ ಇಂಥ ಕಲ್ಲುಗಳಿವೆಯಲ್ಲ?" ಎಂದರು. ಇವೆ ಸರ್. ನಾನು ಶಹಾಪುರದವಳು. ಪಕ್ಕದ ವಿಭೂತಿಹಳ್ಳಿಯಲ್ಲಿ ಬಯಲು ತುಂಬ ದೊಡ್ಡ ಗುಂಡುಗಳು ಸಾಲುಸಾಲಾಗಿ ಕೂತಿವೆ. ಚಿಕ್ಕವಳಿದ್ದಾಗ ಅವುಗಳ ನಡುವೆ ಓಡಾಡಿದ್ದೇನೆ. ಅವುಗಳ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬರು ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು. ಅವರ ಬಂಗಲೆ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. 1862ರಲ್ಲಿ ಡಬ್ಲಿನ್ನಿನ ವಿದ್ವಾಂಸರ ಸಭೆಗೆಂದು ನಮ್ಮ ಸೀಮೆಯ ಕಲ್ಲುಗೋರಿಗಳ ಬಗ್ಗೆ ಬರೆದಾಗ, ಬ್ರಿಟನ್ನಿನ ಕಲ್ಲುಗಳಿಗೆ ಆಗ ಬಳಸುತ್ತಿದ್ದ ಹೆಸರುಗಳನ್ನೇ ಅವಕ್ಕೂ ಇಟ್ಟರು. ಬ್ರಿಟನ್ನಿನ ಹಿಂದಿನ ಜನರಾದ ಸೆಲ್ಟರದ್ದು, ಅವರ ಪುರೋಹಿತರಾದ ಡ್ರೂಯಿಡರದ್ದು ಅಂತ. ತಮ್ಮ ದೇಶದ ಕಲ್ಲುಗಳಂತೆಯೇ ಕಂಡವು ಅವರಿಗೆ. ನನಗೆ ಉಲ್ಟಾ ಆಯಿತು. ಏವ್‌ಬರಿಯ ಕಲ್ಲು ಮೊದಲ ಸಲ ನೋಡಿದಾಗ ವಿಭೂತಿಹಳ್ಳಿ ನೆನಪಾಗಿ ಗಂಟಲು ಕಟ್ಟಿತು. ಎರಡಕ್ಕೂ ಸಂಬಂಧವಿಲ್ಲ, ಕಾಲವೂ ಬೇರೆ, ಜನವೂ ಬೇರೆ. ಅವೆರಡರ ನಡುವೆ ಗೆರೆ ಎಳೆಯಲು ನಾನು ಹೋಗುವುದಿಲ್ಲ.

ಇನ್ನೊಬ್ಬರು, "ಜೂನ್ 21ಕ್ಕೆ ಸ್ಟೋನ್‌ಹೆಂಜಿಗೆ ಮಕ್ಕಳನ್ನು ಕರಕೊಂಡು ಹೋಗ್ಬಹುದಾ?" ಎಂದು ಕೇಳಿದರು. ಹೋಗಬಹುದು, ಆ ದಿನ ಒಳಗೆ ಬಿಡುತ್ತಾರೆ, ಸಾವಿರಾರು ಜನ ಇರುತ್ತಾರೆ. ಆದರೆ ನನ್ನ ಮಾತು ಕೇಳಿದರೆ ಡಿಸೆಂಬರಿನಲ್ಲಿ ಹೋಗಿ. ಹತ್ತಿರದ ಡರಿಂಗ್ಟನ್ ವಾಲ್ಸ್ ಎಂಬಲ್ಲಿ ಸ್ಟೋನ್‌ಹೆಂಜ್ ಕಟ್ಟಿದ ಕಾಲದವರು ಹಬ್ಬ ಮಾಡಿ ತಿಂದ ಹಂದಿಗಳ ಮೂಳೆ ರಾಶಿ ಸಿಕ್ಕಿದೆ. ಬಹಳಷ್ಟು ಹಂದಿಗಳು ಸುಮಾರು ಒಂಬತ್ತು ತಿಂಗಳಿನವು. ವಸಂತದಲ್ಲಿ ಹುಟ್ಟಿದ ಮರಿಗೆ ಒಂಬತ್ತು ತಿಂಗಳೆಂದರೆ ನಡು ಚಳಿಗಾಲ. ಅವರ ದೊಡ್ಡ ಹಬ್ಬ ಆಗಲೇ ಇದ್ದಿರಬೇಕು.

ಟಿಕೆಟ್ ತಗೊಳ್ಳಲೇಬೇಕೆಂದಿಲ್ಲ. ಕಲ್ಲುಗಳ ಸುತ್ತಲಿನ ಹುಲ್ಲುಬಯಲು ಬಹುಪಾಲು ನ್ಯಾಷನಲ್ ಟ್ರಸ್ಟಿನದು, ಅಲ್ಲಿ ನಡೆಯಲು ಯಾರೂ ತಡೆಯುವುದಿಲ್ಲ. ಒಳ್ಳೆ ಬೂಟು, ದಪ್ಪ ಜಾಕೆಟ್ ಹಾಕಿಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆಲ್ಲ ಕಲ್ಲುಗಳ ಕಡೆ ಬೆನ್ನು ಮಾಡಿ ಇಳಿಜಾರಿನಲ್ಲಿ ಕೆಳಗೆ ಹೋಗಿ, ಅವೆನ್ಯೂ ಬಾಗುವ ಜಾಗದವರೆಗೆ. ಅಲ್ಲಿಂದ ಕಲ್ಲು ಕಾಣುವುದಿಲ್ಲ, ಕುರಿಗಳು ಮಾತ್ರ ಮೇಯುತ್ತಿರುತ್ತವೆ. ಈಗ ತಿರುಗಿ ನಿಂತು ಹುಲ್ಲನ್ನು ನೋಡಿ. ಬಿಸಿಲು ಓರೆಯಾದಾಗ ಎರಡು ಸಣ್ಣ ಏರಿಗಳು ಒಂದಕ್ಕೊಂದು ಸಮನಾಗಿ ಮೇಲೆ ಹೋಗುವುದು ಕಾಣುತ್ತದೆ. ಮೊಣಕಾಲೆತ್ತರವೂ ಇಲ್ಲ. ಅವುಗಳ ನಡುವೆ ಮೆಲ್ಲಗೆ ಹತ್ತಿ. ಮೊದಲು ಕಲ್ಲುಗಳ ತಲೆ ಕಾಣುತ್ತದೆ, ಆಮೇಲೆ ಒಂದೊಂದೇ ನೆಲದಿಂದ ಎದ್ದ ಹಾಗೆ ಪೂರ್ತಿ ಕಾಣುತ್ತವೆ. ನಾಲ್ಕು ಗಂಟೆ ಹತ್ತಿರ ಅವುಗಳ ಹಿಂದೆಯೇ ಸೂರ್ಯ ಇಳಿಯುತ್ತಾನೆ. ಮಕ್ಕಳಿಗೆ ಟಾರ್ಚ್ ಕೊಡಿ, ವಾಪಸ್ ಬರುವಾಗ ಕತ್ತಲಾಗಿರುತ್ತದೆ.